ಸೂಳಗಿರಿಯಲ್ಲಿ ಸೂಜಿಯ ದಿನ

ಹೊಸೂರಿನಿಂದ ಕೃಷ್ಣಗಿರಿಯ ಹೆದ್ದಾರಿ ಹಿಡಿದರೆ ಬಂಡೆಬೆಟ್ಟದ ಬುಡದಲ್ಲಿ ಸೂಳಗಿರಿ. ಬುಧವಾರ ಬೆಳಿಗ್ಗೆ ಇಲ್ಲಿ ಇಳಿದವರಿಗೆ ಕೊತ್ತಂಬರಿ ಸೊಪ್ಪು ಹೊತ್ತ ಗಾಡಿಗಳ ನಡುವೆ, ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಯತ್ತ ನಡೆಯುವ ತಾಯಂದಿರು ಕಾಣುತ್ತಾರೆ. ತಮಿಳುನಾಡಿನಲ್ಲಿ ಬುಧವಾರ ಲಸಿಕೆಯ ದಿನ. ಗಡಿಯಾಚೆ ಅತ್ತಿಬೆಲೆ, ಆನೇಕಲ್ ಕಡೆ ಅದೇ ಕೆಲಸ ಗುರುವಾರ.

ಪ್ರಾಥಮಿಕ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ತಮಿಳು, ತೆಲುಗು, ಕನ್ನಡ ಒಟ್ಟಿಗೇ ಕಿವಿಗೆ ಬೀಳುತ್ತವೆ. "ಸೂಜಿ ಹಾಕಿದ ಜಾಗ ಉಜ್ಜಬೇಡಮ್ಮಾ. ರಾತ್ರಿ ಜ್ವರ ಬತ್ತದೆ, ಹೆದರ್ಕೋಬೇಡ. ಅರ್ಧ ಗಂಟೆ ಇಲ್ಲೇ ಕೂತ್ಕೊಂಡು ಹೋಗು" ಎಂದು ನರ್ಸಮ್ಮ ಹೇಳುವಾಗ ಅಜ್ಜಿಯ ಮುಖ ಸಡಿಲವಾಗುತ್ತದೆ. ಜ್ವರ ಬರಬಹುದೆಂದು ಮೊದಲೇ ಮನೆಮಾತಿನಲ್ಲಿ ಕೇಳಿದವರು ಮುಂದಿನ ಸೂಜಿಗೂ ಬರುತ್ತಾರೆ. ಗೊತ್ತಿಲ್ಲದೆ ರಾತ್ರಿಯೆಲ್ಲ ಅಳುವ ಮಗುವನ್ನು ಹೊತ್ತು ತಿರುಗಿದವರು ಬರದೆ ಉಳಿಯುತ್ತಾರೆ.

ಮೇಜಿನ ಮೇಲೆ ಐಸ್ ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆ. ಒಳಗಿನ ತಂಪು 2ರಿಂದ 8 ಡಿಗ್ರಿಯೊಳಗೇ ಇರಬೇಕು. ಸೀಸೆಯ ಮೇಲೊಂದು ಪುಟ್ಟ ವೃತ್ತ, ಅದರೊಳಗೊಂದು ಚೌಕ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಆ ಸೀಸೆಯನ್ನು ಬಳಸುವಂತಿಲ್ಲ. ದಡಾರ-ರುಬೆಲ್ಲಾ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ಆಯುಸ್ಸು ನಾಲ್ಕೇ ಗಂಟೆ. ಅದಕ್ಕೇ ಸೀಸೆ ತೆರೆದ ಹೊತ್ತನ್ನು ಬರೆದಿಡುತ್ತಾರೆ.

ಈ ಎಚ್ಚರಕ್ಕೆ ತಮಿಳುನಾಡಿನಲ್ಲಿ ನೋವಿನ ಹಿನ್ನೆಲೆಯಿದೆ. 2008ರ ಏಪ್ರಿಲ್‌ನಲ್ಲಿ ತಿರುವಳ್ಳೂರು ಜಿಲ್ಲೆಯಲ್ಲಿ ದಡಾರ ಲಸಿಕೆಯ ಬೆನ್ನಿಗೇ ನಾಲ್ಕು ಶಿಶುಗಳು ತೀರಿಕೊಂಡವು. ಆಮೇಲೆ ಹಳ್ಳಿಗಳಲ್ಲಿ ಲಸಿಕೆ ಹಾಕುವುದನ್ನು ನಿಲ್ಲಿಸಿ, ವೈದ್ಯರಿರುವ ಆರೋಗ್ಯ ಕೇಂದ್ರಗಳಲ್ಲೇ ಹಾಕತೊಡಗಿದರು. ಕಾಳಜಿಯ ನಿರ್ಧಾರವೇ, ಆದರೆ ದೂರದ ಹಳ್ಳಿಯ ಕೂಲಿ ತಾಯಿಗೆ ಅದರಿಂದ ಒಂದು ದಿನದ ಸಂಬಳ ಹೋಗುತ್ತಿತ್ತು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 12ರಿಂದ 23 ತಿಂಗಳ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲ ಸಿಕ್ಕಿದ್ದವರು ಶೇ 69.7, 2019–21ರ ಸಮೀಕ್ಷೆಗೆ ಅದು ಶೇ 89.2ಕ್ಕೆ ಏರಿತು.

ಗಡಿಯ ಕುಟುಂಬಗಳಿಗೆ ಇನ್ನೊಂದು ತೊಡಕು. ಸೊಸೆಯ ತವರು ಆನೇಕಲ್ ಎನ್ನಿ. ಬಾಣಂತನ ಅಲ್ಲಿ, ಹುಟ್ಟಿದಾಗಿನ ಬಿಸಿಜಿ, ಆರನೇ ವಾರದ ಪೆಂಟಾವೇಲೆಂಟ್ ತಾಯಿ ಕಾರ್ಡಿನಲ್ಲಿ ದಾಖಲು. ಹತ್ತನೇ ವಾರಕ್ಕೆ ಗಂಡನ ಮನೆಗೆ ಬಂದರೆ ಇಲ್ಲಿನ ರಿಜಿಸ್ಟರಿನಲ್ಲಿ ಮಗುವಿನ ಹೆಸರಿಲ್ಲ. ಬುಧವಾರ ತಪ್ಪಿತೆಂದು ಎಷ್ಟೋ ತಾಯಂದಿರು ಕೈಚೆಲ್ಲುತ್ತಾರೆ. ಚೆಲ್ಲಬೇಕಿಲ್ಲ. ಆರು, ಹತ್ತು, ಹದಿನಾಲ್ಕನೇ ವಾರದ ಪಟ್ಟಿ ಎರಡೂ ರಾಜ್ಯಗಳಲ್ಲಿ ಒಂದೇ. ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಕಾರ್ಡೊಂದು ಕೈಯಲ್ಲಿರಬೇಕು, ಅಷ್ಟೆ. ಅದನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಪಡಸಾಲೆಯಲ್ಲಿ ಇಲ್ಲದವರು. ಬೆಂಚಿನ ಮೇಲೆಲ್ಲ ಕಂಕುಳ ಕೂಸುಗಳು. ಹತ್ತು ವರ್ಷದವರಿಲ್ಲ, ಹದಿನಾರರವರಿಲ್ಲ. ಎರಡು ವರ್ಷದೊಳಗಿನ ಸೂಜಿಗಳು ಮುಗಿದವೆಂದರೆ ಎಲ್ಲ ಮುಗಿಯಿತೆಂದೇ ಮನೆಮಂದಿಯ ಲೆಕ್ಕ. ಆದರೆ ಗಂಟಲಮಾರಿಯ ವಿರುದ್ಧ ಎಳವೆಯಲ್ಲಿ ಬಂದ ಕಾವಲು ವರ್ಷ ಕಳೆದಂತೆ ಸವೆಯುತ್ತದೆ. ಅದಕ್ಕೆಂದೇ ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್, ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ. ಹಿಂದೆ ಈ ಎರಡು ವಯಸ್ಸಿಗೆ ಧನುರ್ವಾಯುವಿನದಷ್ಟೇ ಇತ್ತು. ಈಗ ಅದೇ ಸೂಜಿಯಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 14 ವರ್ಷದ ಹೆಣ್ಣುಮಕ್ಕಳಿಗೆ ಕೊಡುವುದಾಗಿ ತಮಿಳುನಾಡು ಸರ್ಕಾರ 2025ರ ಬಜೆಟ್‌ನಲ್ಲಿ ಘೋಷಿಸಿತು.

ಶಾಲೆಗೆ ಆರೋಗ್ಯ ತಂಡ ಬಂದ ದಿನ ಮಗು ಗೈರಾಗಿದ್ದರೆ, ಅಥವಾ ಶಾಲೆ ಬಿಟ್ಟು ಗುಲಾಬಿ ತೋಟದ ಕೆಲಸಕ್ಕೆ ಹೋಗುತ್ತಿದ್ದರೆ, ಆ ಸೂಜಿಯನ್ನು ನೆನಪಿಟ್ಟು ಕರೆತರಬೇಕಾದವರು ಮನೆಯವರೇ. ಹತ್ತರದ್ದಾಗಲಿ ಹದಿನಾರರದ್ದಾಗಲಿ, ಆರೋಗ್ಯ ಕೇಂದ್ರದಲ್ಲಿ ಅದಕ್ಕೂ ಕಾಸು ಕೇಳುವುದಿಲ್ಲ.