ಮಲಿಕ್‌ನನ್ನು ಬೆಳೆಸಿದ ಜೈಲು

ಫ್ರೆಂಚ್ ನಿರ್ದೇಶಕ ಜಾಕ್ ಒದಿಯಾರ್ ಕೈಗೆ ಬಂದದ್ದು ಬೇರೆಯವರು ಬರೆದ ಚಿತ್ರಕಥೆ. ಅಬ್ದೆಲ್ ರವೂಫ್ ದಾಫ್ರಿ ಮತ್ತು ನಿಕೊಲಾ ಪ್ಯೂಫಯಿ ಬರೆದಿದ್ದ ಅದನ್ನು ಒದಿಯಾರ್ ಮತ್ತು ತೊಮಾ ಬಿದೆಗೆನ್ ಕೂತು ವರ್ಷಗಟ್ಟಲೆ ತಿದ್ದಿದರು. ‘ಸ್ಕಾರ್‌ಫೇಸ್’ನಂಥ ಅಬ್ಬರದ ಡಾನ್ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಏನೂ ಅಲ್ಲದ ಒಬ್ಬ ಹುಡುಗ. ಹತ್ತೊಂಬತ್ತರ ಹರೆಯ, ಆರು ವರ್ಷ ಶಿಕ್ಷೆ, ಹೇಳಿಕೊಳ್ಳಲು ಹೊರಗೆ ನಂಟರಿಲ್ಲ, ಓದಲು ಬರುವುದಿಲ್ಲ. ಹೆಸರು ಮಲಿಕ್ ಎಲ್ ಜೆಬೆನಾ. 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪಡೆದ ‘ಎ ಪ್ರಾಫೆಟ್’ ಹುಟ್ಟಿದ್ದು ಹೀಗೆ.

ಮಲಿಕ್ ಪಾತ್ರಕ್ಕೆ ನಟ ಸಿಕ್ಕಿದ್ದು ಕಾರೊಂದರಲ್ಲಿ. ದಾಫ್ರಿ ಬರೆದ ಟಿವಿ ಸರಣಿಯಲ್ಲಿ ನಟಿಸುತ್ತಿದ್ದ ತಾಹರ್ ರಹೀಂ, ಚಿತ್ರೀಕರಣದ ಸ್ಥಳದಿಂದ ವಾಪಸಾಗುವಾಗ ಒದಿಯಾರ್ ಜೊತೆ ಒಂದೇ ಕಾರಿನಲ್ಲಿ ಕೂತಿದ್ದ. ಜೈಲನ್ನಂತೂ ಕಟ್ಟಿಯೇ ತೀರಬೇಕಾಯಿತು. ಪ್ಯಾರಿಸ್ ಪಕ್ಕದ ಜೆನ್‌ವಿಲಿಯೆ ಎಂಬ ಕೈಗಾರಿಕಾ ಪ್ರದೇಶದಲ್ಲಿ ಸೆಟ್ ಎದ್ದಿತು. ಸಹನಟರಲ್ಲಿ ಕೆಲವರು ನಿಜವಾಗಿಯೂ ಜೈಲುವಾಸ ಮುಗಿಸಿ ಬಂದವರು. ಆ ಕಾರಿಡಾರುಗಳಲ್ಲಿ ಜನ ನಡೆಯುವ ರೀತಿ ನೋಡಿದರೆ ಅದು ತಿಳಿಯುತ್ತದೆ.

ಒಳಗೆ ಕಾರ್ಸಿಕಾ ದ್ವೀಪದವರ ಗ್ಯಾಂಗಿನದೇ ಆಳ್ವಿಕೆ. ಅದರ ಮುದುಕ ಬಾಸ್ ಸೆಜಾರ್ ಲುಚಿಯಾನಿ. ಸಾಕ್ಷಿ ಹೇಳಲಿರುವ ರೆಯೆಬ್ ಎಂಬ ಕೈದಿಯನ್ನು ಕೊಲ್ಲು, ಇಲ್ಲದಿದ್ದರೆ ನೀನೇ ಸಾಯುತ್ತೀಯ ಎಂದು ಅವನು ಮಲಿಕ್‌ಗೆ ಹೇಳುತ್ತಾನೆ. ಆಮೇಲಿನ ಕೆಲವು ನಿಮಿಷ ನೋಡುವುದು ಕಷ್ಟ. ಹುಡುಗ ಬ್ಲೇಡನ್ನು ಕೆನ್ನೆಯೊಳಗೆ ಅಡಗಿಸಿಟ್ಟು ನಾಲಗೆಯಿಂದ ಹೊರತೆಗೆಯುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಾನೆ, ಬಾಯಿತುಂಬ ರಕ್ತ. ರೆಯೆಬ್ ಮಾತ್ರ ಅವನಿಗೆ ಕಾಫಿ ಮಾಡಿಕೊಡುತ್ತಾನೆ. ಓದು ಬರುವುದಿಲ್ಲವೆಂದು ಗೊತ್ತಾಗಿ, ಕಲಿ ಮಾರಾಯ, ಇಲ್ಲಿಂದ ಹೋಗುವಾಗ ಒಂದಿಷ್ಟು ಜಾಣನಾಗಿ ಹೋಗು ಎಂಬರ್ಥದ ಬುದ್ಧಿಮಾತು ಹೇಳುತ್ತಾನೆ. ಕ್ಷಣಗಳಲ್ಲಿ ಮಲಿಕ್ ಅವನ ಕತ್ತು ಸೀಳುತ್ತಾನೆ. ಸತ್ತವನು ಸಿನಿಮಾ ಬಿಟ್ಟು ಹೋಗುವುದಿಲ್ಲ, ಮಲಿಕ್‌ನ ಸೆಲ್ಲಿನಲ್ಲೇ ಪ್ರೇತವಾಗಿ ಉಳಿಯುತ್ತಾನೆ. ಮಲಿಕ್ ಜೈಲಿನ ಶಾಲೆಗೆ ಸೇರುತ್ತಾನೆ. ಕೊಂದವನೇ ಶಿಷ್ಯನಾಗುವ ಈ ತಿರುವು ನನಗೆ ಇಡೀ ಚಿತ್ರದ ಜೀವಾಳ ಅನ್ನಿಸುತ್ತದೆ.

ಮಲಿಕ್‌ನ ಕಥೆ ಒಂದು ಹಳೆಯ ವಿಚಾರವನ್ನು ನೆನಪಿಸುತ್ತದೆ. ಜನ ನಿಜವೆಂದು ನಂಬಿದ ಸುಳ್ಳು, ಆ ನಂಬಿಕೆಯಿಂದಲೇ ನಿಜವಾಗಿಬಿಡುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ 1948ರ ಪ್ರಬಂಧವೊಂದರಲ್ಲಿ ವಿವರಿಸಿದ್ದ. ಬ್ಯಾಂಕ್ ಮುಳುಗುತ್ತದೆ ಎಂಬ ಗಾಳಿಸುದ್ದಿಗೆ ಎಲ್ಲರೂ ಓಡಿಹೋಗಿ ಠೇವಣಿ ಹಿಂಪಡೆದರೆ, ಗಟ್ಟಿಯಾಗಿದ್ದ ಬ್ಯಾಂಕೂ ಮುಳುಗುತ್ತದೆ. ನಮಗಿದು ಹೊಸದಲ್ಲ. ಅಶರೀರವಾಣಿಗೆ ಹೆದರಿ ಕಂಸ ತಂಗಿಯನ್ನು ಸೆರೆಯಲ್ಲಿಡದೆ ಇದ್ದಿದ್ದರೆ ಕೃಷ್ಣ ಗೋಕುಲದಲ್ಲೇಕೆ ಬೆಳೆಯುತ್ತಿದ್ದ?

ಸೆಜಾರ್‌ಗೆ ಯಾವ ವಾಣಿಯೂ ಕೇಳಿಸಿರಲಿಲ್ಲ, ಆದರೂ ತನ್ನನ್ನು ಉರುಳಿಸುವವನನ್ನು ಬೆಳೆಸಿದ್ದು ಅವನೇ. ಮಲಿಕ್ ಅವನಿಗೆ ಕಾಫಿ ತಂದುಕೊಡುವ, ಬೈಸಿಕೊಳ್ಳುವ ಚೇಲಾ ಅಷ್ಟೇ. ಜೈಲಿನ ಅರಬ ಕೈದಿಗಳಿಗೆ ಅವನು ಕಾರ್ಸಿಕನ್, ಕಾರ್ಸಿಕನ್ನರಿಗೆ ಅರಬ. ಎರಡೂ ಕಡೆಯ ಆ ತಾತ್ಸಾರವೇ ಅವನ ಬಂಡವಾಳವಾಯಿತು. ತನ್ನೆದುರಿಗೇ ಆಡುವ ಕಾರ್ಸಿಕನ್ ಭಾಷೆಯನ್ನು ಅವನು ಸದ್ದಿಲ್ಲದೆ ಕಲಿತ. ಗ್ಯಾಂಗಿನ ಬಹುತೇಕರು ಬೇರೆ ಜೈಲಿಗೆ ವರ್ಗವಾದಾಗ ಮುದುಕನ ಕಣ್ಣೂ ಕಿವಿಯೂ ಮಲಿಕ್ ಒಬ್ಬನೇ. ಅವನನ್ನು ಒಂದು ದಿನದ ರಜೆಯ ಮೇಲೆ ಹೊರಗೆ ಕಳಿಸಿ ಕೆಲಸ ಮಾಡಿಸಿಕೊಂಡವನೂ ಸೆಜಾರೇ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಲಿಕ್, ಯಾರೂ ಕೇಳದಿದ್ದರೂ, ಬಾಯಿ ತೆರೆದು ನಾಲಗೆ ಚಾಚುತ್ತಾನೆ. ಜೈಲಿನ ರೂಢಿ. ಥಿಯೇಟರಿನಲ್ಲಿ ನಗು ಬರಬಹುದಾದ ಜಾಗ, ನನಗೆ ಬರಲಿಲ್ಲ.

‘ಪ್ರವಾದಿ’ ಎಂಬ ಹೆಸರು ಬರುವುದು ತೀರ ತಡವಾಗಿ. ಕೊಲೆಗಡುಕನೊಬ್ಬನ ಕಾರಿನಲ್ಲಿ ಹೋಗುವಾಗ, ಕನಸಿನಲ್ಲಿ ಕಂಡಿದ್ದ ಜಿಂಕೆ ಈಗ ಅಡ್ಡಬರುತ್ತದೆಂದು ಮಲಿಕ್‌ಗೆ ಹೊಳೆಯುತ್ತದೆ. ಜಿಂಕೆ ಬರುತ್ತದೆ, ಕಾರು ಗುದ್ದುತ್ತದೆ. ನೀನೇನು ಪ್ರವಾದಿಯೋ ಎಂದು ಬೆರಗಾಗುವ ಗೂಂಡಾ ಅಂದಿನಿಂದ ಅವನನ್ನು ನೋಡುವ ರೀತಿಯೇ ಬೇರೆ. ನೋಟ ಬದಲಾದದ್ದೇ ತಡ, ಮಲಿಕ್‌ನ ನಡೆಯೂ ಬದಲಾಗುತ್ತದೆ. ಸೆಜಾರ್ ಒಪ್ಪಿಸಿದ ಕೊನೆಯ ಕೆಲಸವನ್ನು ಅವನ ಮೇಲೇ ತಿರುಗಿಸಿ, ಬೇಕೆಂದೇ ತಡವಾಗಿ ಜೈಲಿಗೆ ಮರಳಿ, ನಲವತ್ತು ದಿನ ಏಕಾಂತ ಸೆರೆಯಲ್ಲಿ ಸುರಕ್ಷಿತವಾಗಿ ಕೂರುತ್ತಾನೆ. ಹೊರಬಂದಾಗ ಅಂಗಳದಲ್ಲಿ ಒಂಟಿಯಾಗಿ ಕೂತು ಕರೆಯುವವನು ಸೆಜಾರ್, ಮಲಿಕ್ ಹೋಗುವುದಿಲ್ಲ.

ಇದನ್ನು ವ್ಯಕ್ತಿತ್ವ ವಿಕಾಸ ಎನ್ನಬಹುದೇ? ಅಕ್ಷರ, ಭಾಷೆ, ಲೆಕ್ಕಾಚಾರ, ಸಂಯಮ ಎಲ್ಲವನ್ನೂ ಹುಡುಗ ಗಳಿಸಿದ್ದಾನೆ. ಗೇಟಿನಾಚೆ ಗೆಳೆಯನೊಬ್ಬನ ವಿಧವೆ ಮತ್ತು ಅವಳ ಮಗುವಿನೊಂದಿಗೆ ಮಲಿಕ್ ನಡೆಯುವಾಗ ಹಿಂದೆ ಸಾಲುಗಟ್ಟಿ ಬರುವ ಕಾರುಗಳು ಆ ವಿದ್ಯೆಯ ಸಂಪಾದನೆ. ಸಣ್ಣ ತಪ್ಪಿಗೆ ಒಳಹಾಕಿದ ಸರ್ಕಾರ ಆರು ವರ್ಷಗಳಲ್ಲಿ ನಿಜವಾದ ಅಪರಾಧಿಯನ್ನು ತಯಾರಿಸಿ ಹೊರಬಿಟ್ಟಿತು. ಒದಿಯಾರ್ ಇದು ತನ್ನ ಸಮಾಜದರ್ಶನವಲ್ಲ, ಕಟ್ಟುಕಥೆ ಎಂದೇ ಹೇಳಿಕೊಂಡಿದ್ದಾನೆ. ಅಷ್ಟು ಸುಲಭವಾಗಿ ನುಣುಚಿಕೊಳ್ಳಲು ಅವನ ಸಿನಿಮಾವೇ ಬಿಡುವುದಿಲ್ಲ.

ಚಿತ್ರಕ್ಕೆ ಫ್ರಾನ್ಸಿನ ಒಂಬತ್ತು ಸೆಜಾರ್ ಪ್ರಶಸ್ತಿಗಳು ಬಂದವು, ರಹೀಂಗೆ ಅವುಗಳಲ್ಲಿ ಎರಡು. 2021ರ ‘ದಿ ಮೌರಿಟೇನಿಯನ್’ನಲ್ಲಿ ಅವನು ಮತ್ತೆ ಕೈದಿಯಾದ. ಈ ಸಲ ಪಾತ್ರ ನಿಜಜೀವನದ್ದು. ಅಮೆರಿಕದ ಗ್ವಾಂಟನಾಮೊ ಸೆರೆಮನೆಯಲ್ಲಿ ಆರೋಪಪಟ್ಟಿಯೇ ಇಲ್ಲದೆ ಹದಿನಾಲ್ಕು ವರ್ಷ ಕಳೆದ ಮೊಹಮದು ಸ್ಲಾಹಿ ಕೂಡ ಒಳಗೇ ಹೊಸ ಭಾಷೆ ಕಲಿತವನು. ಇಂಗ್ಲಿಷನ್ನು ಕಾವಲುಗಾರರ ಬಾಯಿಂದಲೇ ಕಲಿತು, ಅದರಲ್ಲೇ ಡೈರಿ ಬರೆದ. ಭಯೋತ್ಪಾದಕ ಎಂದು ಅಷ್ಟು ವರ್ಷ ಕರೆಸಿಕೊಂಡರೂ ಆ ಭವಿಷ್ಯ ಅವನ ವಿಷಯದಲ್ಲಿ ನಿಜವಾಗಲಿಲ್ಲ. 2016ರಲ್ಲಿ ಬಿಡುಗಡೆಯಾಗಿ ಮನೆಗೆ ಮರಳಿದವನನ್ನು ನೋಡಲು, ಒಂದು ಕಾಲಕ್ಕೆ ಅವನನ್ನು ಕಾಯುತ್ತಿದ್ದ ಅಮೆರಿಕನ್ ಸೈನಿಕನೊಬ್ಬ ಮೌರಿಟೇನಿಯಾಕ್ಕೇ ಹೋಗಿ ಬಂದ.