ಬೆಳಿಗ್ಗೆ ಎದ್ದ ಮೊದಲ ಹೆಜ್ಜೆ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಏದುಸಿರು ಬರುತ್ತದೆ, ತೊಡೆ ಉರಿಯುತ್ತದೆ. ಕಾಲು ಕೈಕೊಡುವುದು ಮಾತ್ರ ಇಳಿಯುವಾಗ. ಮಳೆ ಬಿಟ್ಟ ಒಂದು ಭಾನುವಾರ ಹೆಗ್ಗಡದೇವನಕೋಟೆಯಿಂದ ಹೋಗಿ ಬೆಟ್ಟ ಹತ್ತಿ, ಓಡುತ್ತ ಇಳಿಯುತ್ತಿದ್ದೆ. ಬುಡ ಕಣ್ಣಿಗೆ ಬೀಳುವಷ್ಟು ಹತ್ತಿರವಾದಾಗ ಎಡಪಾದ ಒಳಕ್ಕೆ ಮಡಚಿತು. ಮೊದಲು ಸೂಜಿ ಚುಚ್ಚಿದಂಥ ನೋವು. ಕ್ಷಣ ಬಿಟ್ಟು, ಆಳದಿಂದ ಎದ್ದುಬಂದ ಇನ್ನೊಂದು ಮಂದ ನೋವು.

ಹೀಗೆ ನೋವು ಎರಡು ಕಂತಿನಲ್ಲಿ ಬರುವುದು ಭ್ರಮೆಯಲ್ಲ. ನೋವಿನ ಸುದ್ದಿ ಒಯ್ಯುವ ನರತಂತುಗಳಲ್ಲೇ ಎರಡು ಬಗೆ. ತೆಳುವಾದ ಕೊಬ್ಬಿನ ಹೊದಿಕೆಯಿರುವ ಎ-ಡೆಲ್ಟಾ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಹೊದಿಕೆಯೇ ಇಲ್ಲದ ಸಿ ತಂತುಗಳಲ್ಲಿ ಅದರ ವೇಗ ಅರ್ಧದಿಂದ 2 ಮೀಟರ್, ಹೆಚ್ಚುಕಡಿಮೆ ನಾವು ನಡೆಯುವಷ್ಟು. ಪಾದದಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದಾರಿಯಿರುವುದರಿಂದ ಎರಡನೆಯ ಸುದ್ದಿ ತಡವಾಗಿ ಮುಟ್ಟುತ್ತದೆ. ಮೊದಲನೆಯದು ಕಾಲನ್ನು ಹಿಂದಕ್ಕೆ ಎಳೆಸುತ್ತದೆ, ಎರಡನೆಯದು ಕೂರಿಸುತ್ತದೆ. ನಾನು ಕೂರಲಿಲ್ಲ. ಕುಂಟುತ್ತಲೇ ಉಳಿದ ಮೆಟ್ಟಿಲು ಇಳಿದೆ. ಅರ್ಧ ದಾರಿಗೆ ನೋವು ಕಡಿಮೆಯಾದಂತೆಯೂ ಅನಿಸಿತು.

ಓಟಗಾರರು ಮೋಸಹೋಗುವುದು ಇಲ್ಲೇ. ಓಡುವಾಗ ದೇಹ ತನ್ನದೇ ನೋವುಶಾಮಕಗಳನ್ನು ಬಿಡುಗಡೆ ಮಾಡುತ್ತದೆ. ಎಂಡಾರ್ಫಿನ್‌ಗಳ ಹೆಸರು ಎಲ್ಲರೂ ಕೇಳಿರುತ್ತಾರೆ. ಗಾಂಜಾದ ರಾಸಾಯನಿಕವನ್ನು ಹೋಲುವ ಎಂಡೋಕ್ಯಾನಬಿನಾಯ್ಡ್‌ಗಳದ್ದೂ ಇದರಲ್ಲಿ ದೊಡ್ಡ ಪಾಲು. ಹುಲಿ ಬೆನ್ನಟ್ಟಿದಾಗ ಉಳುಕಿದ ಕಾಲಲ್ಲೇ ಪಾರಾಗಲು ಇದು ಬೇಕು. ಹವ್ಯಾಸಕ್ಕೆ ಓಡುವವರಿಗೆ ಮಾತ್ರ ಇದರಿಂದ ತಪ್ಪು ಲೆಕ್ಕ ಸಿಗುತ್ತದೆ. ಅದಕ್ಕೇ, ಓಡುತ್ತಿರುವಾಗ ಕಾಲು ಹೇಳಿದ್ದನ್ನು ಪೂರ್ತಿ ನಂಬಬೇಡಿ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆ ಹೇಳುವುದನ್ನು ನಂಬಿ.

ನನ್ನ ಮೊದಲ ಹೆಜ್ಜೆ ನೆಲ ಮುಟ್ಟಲಿಲ್ಲ. ಕಾಲಿನ ಹರಡು ಬದನೆಕಾಯಿಯಂತೆ ಊದಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿ ಹುಣಸೆಹಣ್ಣು, ಉಪ್ಪು ಕುದಿಸಿ ಪಟ್ಟು ಹಾಕಿದರು. ಉಳುಕು ತೆಗೆಯುತ್ತೇನೆಂದು ಬಂದ ಹಿರಿಯರೊಬ್ಬರಿಗೆ ಮಾತ್ರ ಕೈಮುಗಿದು ಬೇಡವೆಂದೆ. ಪಾದ ಒಳಕ್ಕೆ ಮಡಚಿದಾಗ ಹರಡಿನ ಹೊರಬದಿಯ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಹೊಸದಾಗಿ ಹರಿದಿರುವ ನಾರನ್ನು ಜಗ್ಗಿ ನೀವಿದರೆ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ.

ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬುದಕ್ಕೆ ಒಳ್ಳೆಯ ಪರೀಕ್ಷೆಯೊಂದಿದೆ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಈ ನಿಯಮಗಳನ್ನು ಜಗತ್ತಿನೆಲ್ಲೆಡೆ ಬಳಸುತ್ತಾರೆ. ಹರಡಿನ ಎರಡೂ ಬದಿಯ ಮೂಳೆಗುಬ್ಬುಗಳ ಹಿಂಭಾಗವನ್ನು ಬೆರಳಿಂದ ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ನಾನು ತೆಗೆಸಿದೆ. ಮೂಳೆ ಗಟ್ಟಿಯಿತ್ತು.

ಎಲ್ಲ ನೋವೂ ಹೀಗೆ ಒಂದೇ ಏಟಿಗೆ ಬರುವುದಿಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಳಲಿದ್ದರೆ ಬೆಳಿಗ್ಗೆ ಸೆಟೆದುಕೊಂಡಿರುತ್ತದೆ. ಓಡುತ್ತ ಬಿಸಿಯಾದ ಮೇಲೆ ಸಡಿಲವಾಗುತ್ತದೆ, ಮರುದಿನ ಮತ್ತೆ ಸೆಟೆಯುತ್ತದೆ. ಇದಕ್ಕೆ ಪೂರ್ತಿ ವಿಶ್ರಾಂತಿ ಬೇಡ, ಹದವಾದ ಹೊರೆ ಬೇಕು. ಮೂಳೆಯ ಕಥೆ ಬೇರೆ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾವೈದ್ಯ, ದೂರ ನಡೆದ ಸೈನಿಕರ ಪಾದ ಪೆಟ್ಟು ಬೀಳದೆಯೂ ಊದುವುದನ್ನು ದಾಖಲಿಸಿದ. ಅದು ಮೂಳೆಯ ಕೂದಲೆಳೆ ಬಿರುಕೆಂದು ಎಕ್ಸ್‌ರೇ ಬಂದ ಮೇಲೆ ತಿಳಿಯಿತು. ಒಂದು ಬೆರಳಿನ ತುದಿಯಷ್ಟು ಜಾಗದಲ್ಲಿ ಒತ್ತಿದರೆ ನೋವು, ಓಡಿದಷ್ಟೂ ಹೆಚ್ಚು, ಕೊನೆಗೆ ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಓಟ ಆ ದಿನವೇ ನಿಲ್ಲಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಇನ್ನು ಗುಳಿಗೆಯ ಮಾತು. ಜೇಬಿನಲ್ಲಿ ನೋವಿನ ಗುಳಿಗೆ ಇಟ್ಟುಕೊಂಡು ಓಡುವ ಗೆಳೆಯರು ನನಗಿದ್ದಾರೆ. ಬಿಸಿಲಲ್ಲಿ ಗಂಟೆಗಟ್ಟಲೆ ಓಡಿ ಬೆವರಿದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಆಗ ಅಲ್ಲಿನ ರಕ್ತನಾಳಗಳನ್ನು ತೆರೆದಿಡಲು ನೆರವಾಗುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗೆಯ ಗುಳಿಗೆಗಳು ತಡೆಯುವುದು ಅದನ್ನೇ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 80 ಕಿಲೋಮೀಟರ್ ಓಡಿದವರ ಪೈಕಿ ಐಬುಪ್ರೊಫೆನ್ ನುಂಗಿದವರಲ್ಲಿ ಶೇ 52 ಮಂದಿಯ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ಅದು ಶೇ 34. ಸಣ್ಣ ಅಧ್ಯಯನ, ಕೊನೆಯ ಮಾತಲ್ಲ, ಆದರೂ ನನಗೆ ಸಾಕು.

ನಮ್ಮ ನಾಗರಹೊಳೆಯ ಆಕಾಶದಲ್ಲಿ ಇನ್ನೂ ಸುತ್ತುವ ಬಿಳಿಬೆನ್ನಿನ ರಣಹದ್ದುಗಳ ಬಳಗಕ್ಕೆ ಇದೇ ಡೈಕ್ಲೋಫೆನಾಕ್ ಏನು ಮಾಡಿತು ನೋಡಿ. ದನಗಳಿಗೆ ಚುಚ್ಚಿದ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿತು. ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವೆಂದು 2004ರಲ್ಲಿ ಗೊತ್ತಾಯಿತು, 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಷೇಧಿಸಿತು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಇಲ್ಲವಾಗಿದ್ದವು. ಹದ್ದಿಗೆ ಹೋಲಿಸಿದರೆ ಮನುಷ್ಯ ಈ ಔಷಧವನ್ನು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತಾನೆ, ನಿಜ. ಒಣಗಿದ ಮೈಯಲ್ಲಿ ಆ ತಾಳಿಕೆಯನ್ನು ಪರೀಕ್ಷಿಸಬೇಕೆ?

ಮೂರನೇ ವಾರ ಊತ ಇಳಿಯಿತು, ನೋವು ಹೋಯಿತು, ಗುಣವಾಯಿತು ಅಂದುಕೊಂಡೆ. ಹಲ್ಲುಜ್ಜುವಾಗ ಕಣ್ಣುಮುಚ್ಚಿ ಬಲಗಾಲ ಮೇಲೆ ನಿಂತೆ, ಮೂವತ್ತು ಸೆಕೆಂಡು ಸಲೀಸು. ಎಡಗಾಲ ಮೇಲೆ ಏಳಕ್ಕೇ ವಾಲಿ ಗೋಡೆ ಹಿಡಿದೆ. ಕೈಕಾಲು ಎಲ್ಲಿವೆ ಎಂದು ನೋಡದೆಯೇ ತಿಳಿಯುವ ಒಳಅರಿವಿಗೆ ಇಂಗ್ಲೆಂಡಿನ ವಿಜ್ಞಾನಿ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಶನ್ ಎಂದು ಹೆಸರಿಟ್ಟರು. ಈ ಅರಿವಿಗೆ ಬೇಕಾದ ಪೀಜೊ2 ಎಂಬ ಪ್ರೋಟೀನನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಸ್ಥಿರಜ್ಜು ಹರಿದಾಗ ಅದರೊಳಗಿನ ನರತುದಿಗಳಿಗೂ ಪೆಟ್ಟಾಗುತ್ತದೆ. ನೋವು ಹೋದ ಮೇಲೂ ಕಾಲಿಗೆ ತಾನೆಲ್ಲಿದ್ದೇನೆಂಬ ಅರಿವು ಮಂಕಾಗಿರುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸದಿಂದ ಈ ಅಪಾಯ ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ.

ಎಡಗಾಲೂ ಮೂವತ್ತು ಸೆಕೆಂಡು ನಿಲ್ಲಲು ಇನ್ನೂ ಐದು ವಾರ ಹಿಡಿಯಿತು. ಆಮೇಲೆ ನಾಲೆ ಏರಿಯ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಶುರುಮಾಡಿದೆ, ಅದೂ ಹೊತ್ತು ಏರಿದ ಮೇಲೆ. ಕಾಡಂಚಿನ ನಮ್ಮೂರುಗಳಲ್ಲಿ ನಸುಕಿನ ಓಟ ಯಾರಿಗೂ ಬೇಡ. ನೀವೂ ಹೊರಡುವ ಮುನ್ನ ಜೇಬಿನ ಗುಳಿಗೆ ತೆಗೆದು ಮನೆಯಲ್ಲಿಡಿ, ನೀರಿನ ಬಾಟಲಿ ಜೊತೆಗಿರಲಿ. ನಾಳೆ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕಾಲ ಮೇಲೆ ನಿಂತು ನೋಡಿ.