ನಟರೇ ಬರೆದಾಗ

ಮಕ್ಕಳೇ, ಸಿನಿಮಾದಲ್ಲಿ ನಾಯಕ ಆಡುವ ಮಾತನ್ನು ಬರೆಯುವವರು ಯಾರು? ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮಕ್ಕಳಿಗೆ ನಾನು ಆಗಾಗ ಈ ಪ್ರಶ್ನೆ ಕೇಳುತ್ತೇನೆ. ‘ಅವರೇ ಆಡ್ತಾರ್ರೀ’ ಎನ್ನುವವರೇ ಹೆಚ್ಚು. ಸಾಮಾನ್ಯವಾಗಿ ಬರೆಯುವವರು ಬೇರೆ, ಆಡುವವರು ಬೇರೆ. ಕೆಲವರು ಮಾತ್ರ ಎರಡನ್ನೂ ಮಾಡುತ್ತಾರೆ.

ಮೊದಲು ಚಿತ್ರಕಥೆ ಎಂದರೇನು ನೋಡೋಣ. ‘ಹುಡುಗ ಮನೆ ಬಿಟ್ಟು ಹೋದ’ ಎಂದರೆ ಅದು ಕಥೆ. ಬಾಗಿಲಲ್ಲಿ ಅವನ ಚಪ್ಪಲಿ ಇಲ್ಲ, ರೊಟ್ಟಿ ಬಡಿಯುತ್ತಿದ್ದ ತಾಯಿಯ ಕೈ ನಿಂತಿತು ಎಂದು ಬರೆದರೆ ಅದು ಚಿತ್ರಕಥೆ. ಕಣ್ಣಿಗೆ ಏನು ಕಾಣಬೇಕು, ಕಿವಿಗೆ ಏನು ಕೇಳಬೇಕು ಎಂಬುದನ್ನು ಒಂದೊಂದೇ ದೃಶ್ಯವಾಗಿ ಬರೆಯುವುದು.

ಅಜ್ಜ-ಅಜ್ಜಿಯರಿಗೆ ‘ಮಾಲ್ಗುಡಿ ಡೇಸ್’ ನೆನಪಿರಬೇಕು. ಅದರಲ್ಲಿ ಸ್ವಾಮಿಯ ತಂದೆಯಾಗಿದ್ದವರು ಗಿರೀಶ ಕಾರ್ನಾಡ. ಅದಕ್ಕೂ ಎಷ್ಟೋ ಮೊದಲು, 1970ರ ‘ಸಂಸ್ಕಾರ’ ಚಿತ್ರದಲ್ಲಿ ಅವರು ಪ್ರಾಣೇಶಾಚಾರ್ಯರ ಪಾತ್ರ ಮಾಡಿದರು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಚಿತ್ರಕಥೆ ಮಾಡಿದವರೂ ಅವರೇ. ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ಅದು. ಮುಂದೆ ಹಿಂದಿಯ ‘ಭೂಮಿಕಾ’ (1977) ಚಿತ್ರಕಥೆಗೆ ಶ್ಯಾಮ್ ಬೆನಗಲ್, ಸತ್ಯದೇವ ದುಬೆ ಅವರೊಂದಿಗೆ ಕಾರ್ನಾಡರಿಗೂ ರಾಷ್ಟ್ರಪ್ರಶಸ್ತಿ ಬಂತು. ಹೊರದೇಶಗಳಲ್ಲೂ ಇಂಥವರಿದ್ದಾರೆ. ಇಂಗ್ಲೆಂಡಿನ ಎಮ್ಮಾ ಥಾಂಪ್ಸನ್ ನಟನೆಗೂ ಆಸ್ಕರ್ ಪಡೆದರು, ಚಿತ್ರಕಥೆಗೂ ಆಸ್ಕರ್ ಪಡೆದರು.

ಈಗಿನ ಮಕ್ಕಳಿಗೆ ಗೊತ್ತಿರುವ ಹೆಸರು ರಿಷಬ್ ಶೆಟ್ಟಿ. ‘ಕಾಂತಾರ’ವನ್ನು (2022) ಬರೆದು, ನಿರ್ದೇಶಿಸಿ, ನಟಿಸಿದರು. ಆ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು. ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ (2017) ಈ ಮೂರೂ ಕೆಲಸ ಮಾಡಿದರು. ಒಂದರಲ್ಲಿ ಕುಂದಾಪುರದ ಕನ್ನಡ, ಇನ್ನೊಂದರಲ್ಲಿ ಮಂಗಳೂರಿನ ಕನ್ನಡ. ತಾವು ಆಡಿ ಬೆಳೆದ ಮಾತನ್ನೇ ಬರೆದರು; ನಾಡೆಲ್ಲ ಕೂತು ನೋಡಿತು.

ನನಗೆ ಮುಖ್ಯವೆನಿಸುವುದು ಇದೇ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂದಾಗ ಬಹಳ ಸಲ ನಗಿಸುವವನ ಬಾಯಲ್ಲೇ ಬರುತ್ತದೆ. ಅದನ್ನು ನೋಡಿ ಬೆಳೆದ ಮಕ್ಕಳು, ನಮ್ಮ ಮಾತು ನಗಲಿಕ್ಕೆ ಮಾತ್ರ ಎಂದುಕೊಂಡರೆ? ಶಾಲೆಯ ನಾಟಕದಲ್ಲೂ ಪುಸ್ತಕದ ಭಾಷೆಯನ್ನು ಬಾಯಿಪಾಠ ಮಾಡಿ ತಡವರಿಸುವ ಮಗು, ಹೊರಗೆ ಬಯಲಿನಲ್ಲಿ ಪಟಪಟ ಮಾತಾಡುತ್ತದೆ. ನಮ್ಮ ಮಾತಿನಲ್ಲಿ ಅಳುವೂ ಇದೆ, ಸಿಟ್ಟೂ ಇದೆ, ಯೋಚನೆಯೂ ಇದೆ. ಬರೆಯುವವರು ಬೇಕು, ಅಷ್ಟೆ.

ಮಾದರಿಗೆ ಒಂದು ದೃಶ್ಯ ಬರೆದಿದ್ದೇನೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ನಿಮಗೆ ಗೊತ್ತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ್ದು ಅದು.

ಸ್ಥಳ: ಶಾಸನದ ಬಂಡೆ. ಸಮಯ: ಸಂಜೆ.
(ತಾತ ಟವೆಲ್‌ನಿಂದ ಬೆವರು ಒರೆಸಿಕೊಳ್ಳುತ್ತಾನೆ. ಮೊಮ್ಮಗಳು ಅಕ್ಷರಗಳನ್ನೇ ನೋಡುತ್ತಾಳೆ.)
ಮೊಮ್ಮಗಳು: ತಾತಾ, ಏನ್ ಬರ್ದಾರ ಇದ್ರಾಗ?
ತಾತ: ಅಶೋಕ ಅಂತ ಹೆಸರೈತವ್ವ.
ಮೊಮ್ಮಗಳು: ಬಯಲಾಟದಾಗ ನೀನೂ ರಾಜ ಆಗಿದ್ದೆಲ್ಲಾ? ನಿನ್ನ ಹೆಸರೆಲ್ಲಿ ಬರ್ದಾರ?
(ತಾತ ಮಾತಾಡುವುದಿಲ್ಲ. ಟವೆಲ್ ಮಡಚುತ್ತಾನೆ. ಮೊಮ್ಮಗಳು ಚೀಲದಿಂದ ನೋಟ್‌ಬುಕ್ ತೆಗೆಯುತ್ತಾಳೆ.)

ತಾತ ಇಲ್ಲಿ ಉದ್ದ ಭಾಷಣ ಮಾಡಬಹುದಿತ್ತು. ಆದರೆ ಓದಿ ಬಿಡದೆ ಎದ್ದು ನಿಂತು ಅಭಿನಯಿಸಿ ನೋಡಿ. ಸುಮ್ಮನಿರುವುದೇ ಸರಿ ಎಂದು ನಿಮಗೇ ತಿಳಿಯುತ್ತದೆ. ಬರೆಯುವ ನಟನಿಗೆ ಇರುವ ಅನುಕೂಲ ಇದೇ. ಯಾವ ಮಾತು ಬೇಕು, ಯಾವುದು ಬೇಡ ಎಂದು ಅವನ ಬಾಯಿಯೇ ಹೇಳುತ್ತದೆ.

ಈ ಭಾನುವಾರ ಮನೆಯ ಹಿರಿಯರನ್ನು ಕೇಳಿ: ‘ನೀವು ಯಾವ ಬಯಲಾಟ, ಯಾವ ನಾಟಕ ನೋಡಿದ್ರಿ? ಏನು ಪಾರ್ಟು ಮಾಡಿದ್ರಿ?’ ಅವರು ಹೇಳಿದ್ದರಲ್ಲಿ ಒಂದೇ ದೃಶ್ಯವನ್ನು ಒಂದೇ ಪುಟದಲ್ಲಿ, ಅವರು ಆಡಿದ ಮಾತಿನಲ್ಲೇ ಬರೆಯಿರಿ. ಆಮೇಲೆ ಇಬ್ಬರೂ ಸೇರಿ ಅಂಗಳದಲ್ಲಿ ಆಡಿ. ರಾಜನ ಪಾರ್ಟು ಮಾತ್ರ ತಾತನಿಗೇ ಬಿಡಿ.